ಅಶೋಕನ ಕಲ್ಲಿಗೆ ವಾರಸುದಾರರು ಯಾರು?

1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಕಾಳಿಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠ ನೋಡಿದರೆ ಅದು ಅಶೋಕನ ಶಾಸನ! ಪರರ ಧರ್ಮವನ್ನು ಹಳಿಯಬೇಡಿ ಎಂದು ಸಾರಿದ ಕಲ್ಲಿಗೇ ತೂತು ಕೊರೆದು ವಿಗ್ರಹ ನೆಟ್ಟಿದ್ದರು. ಆ ಕಾಲಕ್ಕೆ ಬ್ರಾಹ್ಮೀ ಲಿಪಿ ಯಾರಿಗೂ ಬರ್ತಿರಲಿಲ್ಲ ಅಂತಾರೆ. ಒಪ್ಪೋಣ. ಇವತ್ತು ಬಲ್ಲವರು ಇದ್ದಾರಲ್ಲ, ಅವರು ಓದಿದ್ದು ನಮ್ಮ ಕೇರಿಗೆ ಬಂತೆ?

ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ 2001ರವರೆಗೆ ಪುರಾತತ್ವ ಇಲಾಖೆ ಅಗೆಯಿತು. ಭೀಮಾ ನದಿಯ ದಂಡೆಯಲ್ಲಿ ಬೌದ್ಧರ ಮಹಾಸ್ತೂಪವೇ ಎದ್ದುಬಂತು. ಅಶೋಕನ ಚಿತ್ರ, ಅದರ ಮೇಲೆ 'ರಾಯೋ ಅಸೋಕೋ' ಎಂಬ ಬರಹ. ಕಲ್ಲು ದಾನ ಕೊಟ್ಟ ಭಿಕ್ಷು, ಭಿಕ್ಷುಣಿ, ಗೃಹಸ್ಥರ ಹೆಸರುಗಳೂ ಇವೆ. ರಾಜನೊಬ್ಬನೇ ಕಟ್ಟಿದ್ದಲ್ಲ ಅದು. ಹೊರತೆಗೆದ ಮೇಲೆ ಆ ಕಲ್ಲುಗಳು ಎರಡು ದಶಕ ಬಿಸಿಲು ಮಳೆಗೆ ಬಿದ್ದಿದ್ದವು. ಜೋಡಿಸುವ ಕೆಲಸ ಶುರುವಾಗಿದ್ದು 2022ರಲ್ಲಿ. ಅಗೆಯುವುದು ಸಂಶೋಧನೆಯಾದರೆ, ಅಗೆದು ಬಿಟ್ಟುಹೋಗುವುದಕ್ಕೆ ಏನೆನ್ನಬೇಕು?

ಇಲಾಖೆಯ ಭಾಷೆಯಲ್ಲಿ ರಕ್ಷಣೆ ಎಂದರೆ ಬೇಲಿ, ಬೋರ್ಡು. 2010ರ ತಿದ್ದುಪಡಿಯಂತೆ ಸ್ಮಾರಕದ ಸುತ್ತ 100 ಮೀಟರು ಏನೂ ಕಟ್ಟುವಂತಿಲ್ಲ. ಅದರಾಚೆ 200 ಮೀಟರಿಗೆ ಅಪ್ಪಣೆ ಬೇಕು. ಕಾನೂನು ಬೇಡ ಅನ್ನೋರಲ್ಲ ನಾವು. ಅದಿಲ್ಲದಿದ್ದರೆ ದುಡ್ಡಿದ್ದವರು ಹೋಟೆಲು ಎಬ್ಬಿಸ್ತಾರೆ. ಆದರೆ 2011ರಲ್ಲಿ ಹಂಪಿ ಬಜಾರಿನಲ್ಲಿ ಬುಲ್ಡೋಜರು ಕೆಡವಿದ್ದು ಬಾಳಿ ಬದುಕುತ್ತಿದ್ದವರ ಮನೆಗಳನ್ನು. ಕಲ್ಲು ಉಳಿಸಲು ಜನರನ್ನು ಎಬ್ಬಿಸುವ ವಿದ್ಯೆ ಯಾವ ಪರಂಪರೆಯದು?

ಪ್ರವಾಸಿಗರ ಕಾರು ಬಂದರೆ ಸಮಾಜಕ್ಕೆ ಲಾಭವಾಯಿತು ಅನ್ನುವ ಲೆಕ್ಕ ನಮ್ಮದಲ್ಲ. ಊರಿನ ಹುಡುಗ ಹುಡುಗಿಯರು ಬುಟ್ಟಿ ಹೊರುವುದಕ್ಕೆ, ಗೇಟು ಕಾಯುವುದಕ್ಕೆ ಮಾತ್ರವಲ್ಲ, ಕಲ್ಲು ಜೋಡಿಸುವ, ಶಾಸನ ಓದುವ ಕಸುಬಿಗೂ ತರಬೇತಾಗಬೇಕು. ಯೋಜನೆ ಮೊದಲು ಗ್ರಾಮಸಭೆಯಲ್ಲಿ, ಕನ್ನಡದಲ್ಲಿ ಚರ್ಚೆಯಾಗಬೇಕು. ಮನೆ ಕಳಕೊಳ್ಳುವವನ ಮಾತು ಮೊದಲು ಕೇಳಬೇಕು.

ನಮಗೂ ಒಂದು ಮಾತು. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಬುದ್ಧನ ದಾರಿ ಹಿಡಿದದ್ದು ಇನ್ನೊಂದು ವಿಗ್ರಹಕ್ಕಾಗಿ ಅಲ್ಲ. ಕನಗನಹಳ್ಳಿಗೆ ಹೋಗಿ ಹೂ ಏರಿಸಿ, ಫೋಟೋ ತೆಗೆಸಿಕೊಂಡು ಬಂದರೆ ನಾವೂ ಆ ಕಲ್ಲನ್ನು ಪೀಠವನ್ನೇ ಮಾಡಿದಂತಾಯಿತು.

ಮೇಷ್ಟ್ರುಗಳೇ, ಮಕ್ಕಳನ್ನು ಅಲ್ಲಿಗೆ ಕರಕೊಂಡು ಹೋಗಿ. ರಾಜನ ಹೆಸರು ಹೇಳಿಕೊಡಿ. ಆಮೇಲೆ ಕಲ್ಲು ಕೊಟ್ಟವರ ಹೆಸರುಗಳನ್ನೂ ಹೇಳಿಸಿ. ಕಲ್ಲು ಒಡೆದವರ ಹೆಸರು ಎಲ್ಲಿ ಅಂತ ಮಕ್ಕಳು ಕೇಳ್ತಾರೆ. ಕೇಳಲಿ. ವಾರಸುದಾರಿಕೆ ಅಲ್ಲಿಂದಲೇ ಶುರು.