ಚಂಚಿ ಬಿಟ್ಟವರ ಮಿದುಳು

ತಂಬಾಕು ತಿಕ್ಕುವುದನ್ನು ಕಣ್ತುಂಬ ನೋಡಬೇಕೆಂದರೆ ರೋಣದ ಬಸ್‌ಸ್ಟ್ಯಾಂಡಾದರೂ ಸರಿ, ನರಗುಂದ, ಗಜೇಂದ್ರಗಡದ ಯಾವ ಕಟ್ಟೆಯಾದರೂ ಸರಿ. ಹಿರಿಯರು ಚಂಚಿಯ ದಾರ ಸಡಿಲಿಸಿ, ಒಂದು ಎಸಳು ಎಡ ಅಂಗೈಗೆ ಹಾಕಿಕೊಂಡು, ಉಗುರ ತುದಿಯಲ್ಲಿ ಸುಣ್ಣ ಗೀರಿ, ಹೆಬ್ಬೆರಳಿನಿಂದ ತಿಕ್ಕತೊಡಗುತ್ತಾರೆ. ಮಾತು ಮಾತ್ರ ನಿಲ್ಲದು. ನವಿಲುತೀರ್ಥದ ನೀರು, ಕಡಲೆಯ ದರ ಎಲ್ಲ ಬಂದು ಹೋಗುತ್ತವೆ. ಎರಡು ತಟ್ಟು, ಧೂಳು ಹಾರಿತು, ಚಿಟಿಕೆ ಕೆಳದುಟಿಯೊಳಗೆ ಸೇರಿತು.

ಬಾಯಿ ಕೆಡಿಸುವ, ಪ್ರಾಣಕ್ಕೇ ಎರವಾಗುವ ಚಟ. ಗೊತ್ತಿದ್ದೂ ಆ ಕೈಚಳಕ ನನಗೆ ಇಷ್ಟ. ಅದರಲ್ಲೊಂದು ರಸಾಯನವೂ ಇದೆ: ಸುಣ್ಣದ ಕ್ಷಾರವು ನಿಕೋಟಿನ್ನನ್ನು ಬಾಯಿಯ ತೆಳುಪೊರೆ ಸಲೀಸಾಗಿ ದಾಟುವ ರೂಪಕ್ಕೆ ತರುತ್ತದೆ.

ಇನ್ನೂ ನಾಜೂಕಾದ ಕುಸುರಿ ಇರುವುದು ತಲೆಯೊಳಗೆ. ಮಿದುಳಿನ ಒಳಗಡೆ ನಟ್ಟನಡುವೆ ಹೆಬೆನ್ಯೂಲಾ ಎಂಬ ಪುಟ್ಟ ನರಗಂಟು. ಅಲ್ಲಿಂದ ನರತಂತುಗಳ ಕಟ್ಟೊಂದು ಬಾಗಿ ಇಳಿದು, ನಡುಮಿದುಳಿನ ಇಂಟರ್‌ಪೆಡಂಕ್ಯುಲರ್ ನ್ಯೂಕ್ಲಿಯಸ್ಸನ್ನು ಸೇರುತ್ತದೆ. ಹುರುಪು ಕೊಡುವ ಡೋಪಮಿನ್ನಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಮೆಚ್ಚುಗೆ 'ಸಾಕು' ಎನ್ನುವ ಈ ದಾರಿಗೆ. ನಿಕೋಟಿನ್ ಅತಿಯಾದಾಗ ತಡೆಯುವುದು ಇದೇ. ಆಲ್ಫಾ-5 ಎಂಬ ಗ್ರಾಹಕದ ಅಂಶ ಇಲ್ಲದ ಇಲಿಗಳು ಮಿತಿ ಮೀರಿ ನಿಕೋಟಿನ್ ಸೇವಿಸಿದ್ದನ್ನು ಪಾಲ್ ಕೆನ್ನಿಯವರ ತಂಡ 2011ರಲ್ಲಿ ತೋರಿಸಿತು.

ಒಗ್ಗಿಹೋದ ನಿಕೋಟಿನ್ ಒಮ್ಮೆಲೇ ನಿಂತಾಗ ರಂಪ ಎಬ್ಬಿಸುವುದೂ ಇದೇ ದಾರಿ. 2013ರಲ್ಲಿ ಆಂಡ್ರ್ಯೂ ಟ್ಯಾಪರ್ ಅವರ ತಂಡ ಆ ನ್ಯೂಕ್ಲಿಯಸ್ಸಿನಲ್ಲಿ ಗಾಬಾ ಎಂಬ ರಾಸಾಯನಿಕ ಸೂಸುವ ನರಕೋಶಗಳನ್ನು ಬೆಳಕು ಬಿಟ್ಟು ಕೆರಳಿಸಿತು. ಇಲಿಗಳು ಪರಪರ ಕೆರೆದುಕೊಂಡವು, ತಲೆ ಆಡಿಸಿದವು, ಮೈ ಕೊಡವಿದವು. ಅವುಗಳಲ್ಲಿ ಕೆಲವು ನಿಕೋಟಿನ್ನಿನ ರುಚಿಯನ್ನೇ ಕಂಡವಲ್ಲ! ಹಿಡಿಯದ ಚಟವನ್ನು ಬಿಟ್ಟ ಸಂಕಟ. ಈ ಪ್ರಯೋಗವನ್ನು ಓದಿದಾಗಲೆಲ್ಲ ಪುಟ ಮಗುಚಲು ಮನಸ್ಸಾಗದೆ ಅಲ್ಲೇ ಕೂರುತ್ತೇನೆ.

ಇಲಿಯ ಮಾತನ್ನು ಹಾಗೇ ಮನುಷ್ಯನಿಗೆ ಅಂಟಿಸಲಾಗದು, ನಿಜ. ಆದರೂ ಚಂಚಿ ಬಿಟ್ಟ ಹಿರಿಯರು ಸಿಡಿಮಿಡಿಗೊಂಡರೆ 'ಮನಸ್ಸು ಗಟ್ಟಿ ಇಲ್ಲ' ಎಂದು ಷರಾ ಬರೆಯುವವರ ಪಂಕ್ತಿಯಲ್ಲಿ ನಾನಿಲ್ಲ. ಮೊದಲ ವಾರ ಬಲು ಬಿರುಸು. ಸಿಟ್ಟು, ಚಡಪಡಿಕೆ, ನಿದ್ದೆಗೇಡು ಸಾಮಾನ್ಯವಾಗಿ ಮೂರ್ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಅಷ್ಟು ದಿನ ಮನೆಯವರು ತಾಳಬೇಕಲ್ಲ! ತಂಬಾಕು ಬಿಡಿ ಬಿಡಿ ಎಂದು ವರ್ಷಗಟ್ಟಲೆ ಜಗಳಾಡಿದ ಅಜ್ಜಿಯೇ ಮೂರನೆಯ ದಿನಕ್ಕೆ, "ನಿಮ್ಮ ಕಾಲಾಗ ಸಾಕಾತ್ರಿ, ಒಂದ್ ಎಸಳ ಹಾಕ್ಕೊಂಡ ಸುಮ್ನ ಕುಂದರ್ರಿ" ಅಂದುಬಿಡುತ್ತಾಳೆ.