ಬಡವರ ಪಟ್ಟಿಯಲ್ಲಿ ಎಷ್ಟು ಜಾಗ?

2002ರ ಬಿ.ಪಿ.ಎಲ್. ಸಮೀಕ್ಷೆಯ ನಮೂನೆ ಹಿಡಿದು ನಮ್ಮ ಹೋಬಳಿ ಊರಿನ ಬೀಡಿ ಕಟ್ಟುವವರ ಕೇರಿಗೆ ಒಬ್ಬ ಮೇಷ್ಟ್ರು ಬಂದಿದ್ದರು. ನಾವಾಗ ಕಾಲೇಜು ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿದ್ದೆವು. ಪ್ರಶ್ನೆಗಳನ್ನು ಉರ್ದುವಿನಲ್ಲಿ ಕೇಳಿ ಹೇಳಲು ಅವರು ನಮ್ಮನ್ನು ಜೊತೆಗೆ ಕರೆದುಕೊಂಡರು. ನಮ್ಮ ತಾಯಿಯ ತಂಗಿ, ಖಾಲಾ, ಮೊರದಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ ಇಟ್ಟುಕೊಂಡು ಹೊಸಿಲ ಬಳಿ ಕುಳಿತಿದ್ದರು. ಮನೆಯಲ್ಲಿ ಒಬ್ಬೊಬ್ಬರಿಗೆ ಎಷ್ಟು ಬಟ್ಟೆಗಳಿವೆ ಎಂಬುದು ಒಂದು ಪ್ರಶ್ನೆ. "ಬೇಟಾ, ಈದ್‌ಗೆ ಹೊಲಿಸಿದ್ದನ್ನೂ ಹೇಳಬೇಕಾ?" ಎಂದು ಕೇಳಿದರು. ಹೊತ್ತು ಹೊತ್ತಿಗೆ ಊಟ ಇದೆಯೇ ಎಂಬುದು ಇನ್ನೊಂದು. ಮನೆಗೆ ಬಂದವರ ಎದುರು ಇಲ್ಲವೆನ್ನುವುದು ಅವರ ಜಾಯಮಾನವಲ್ಲ. "ಅಲ್ಲಾಹನ ದಯೆಯಿಂದ ಎಲ್ಲ ಇದೆ" ಎಂದುಬಿಟ್ಟರು. ಹಿರಿಯ ಮಗಳು ಎಸ್ಸೆಸ್ಸೆಲ್ಸಿ ಪಾಸಾದದ್ದನ್ನಂತೂ ಕೇಳುವ ಮೊದಲೇ ಹೇಳಿದರು. ಮೂಲೆಯಲ್ಲಿ ಟೇಬಲ್ ಫ್ಯಾನು ತಿರುಗುತ್ತಿತ್ತು, ಅದನ್ನು ಮೇಷ್ಟ್ರು ತಾವೇ ನೋಡಿ ಬರೆದುಕೊಂಡರು.

ಆ ನಮೂನೆಯಲ್ಲಿ 13 ಪ್ರಶ್ನೆಗಳಿದ್ದವು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 52. ಕಡಿಮೆ ಅಂಕ ಬಂದಷ್ಟೂ ಹೆಚ್ಚು ಬಡವರು. ಮಗಳು ಹತ್ತನೇ ತರಗತಿ ಮುಗಿಸಿದ್ದಕ್ಕೆ ಅಂಕ, ಫ್ಯಾನಿಗೆ ಅಂಕ, ಈದಿನ ಬಟ್ಟೆಗೂ ಅಂಕ. ಖಾಲಾ ಆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದು ನಪಾಸಾದರು. ಮನೆ ಕಟ್ಟಿಕೊಳ್ಳಲು ಸಿಗಬಹುದಾಗಿದ್ದ ಸಹಾಯಧನ ಕೈತಪ್ಪಿತು.

ಆಗ ನಮಗೆ ಸಿಟ್ಟು ಬಂದದ್ದು ಮೇಷ್ಟ್ರ ಮೇಲೆ. ಅವರದೇನೂ ತಪ್ಪಿರಲಿಲ್ಲ ಎಂಬುದು ಬಹಳ ವರ್ಷಗಳ ನಂತರ ತಿಳಿಯಿತು. ಎಷ್ಟು ಅಂಕದೊಳಗಿನವರು ಬಡವರು ಎಂಬುದನ್ನು ಸಮೀಕ್ಷೆ ತೀರ್ಮಾನಿಸಿರಲೇ ಇಲ್ಲ. ಯಾವ ರಾಜ್ಯದಲ್ಲಿ ಎಷ್ಟು ಬಡವರಿದ್ದಾರೆಂದು ಯೋಜನಾ ಆಯೋಗವು 1999-2000ರ ಮಾದರಿ ಸಮೀಕ್ಷೆಯನ್ನು ಆಧರಿಸಿ ಮೊದಲೇ ಅಂದಾಜು ಮಾಡಿತ್ತು. ಪಟ್ಟಿ ಆ ಅಂದಾಜನ್ನು ಮೀರಬಾರದು, ಹೆಚ್ಚೆಂದರೆ ಶೇ. 10ರಷ್ಟು ಸಡಿಲಿಕೆ. ಆ ಸಂಖ್ಯೆಗೆ ಸರಿಹೊಂದುವಂತೆ ಅಂಕದ ಗೆರೆಯನ್ನು ಎಲ್ಲಿ ಬೇಕೋ ಅಲ್ಲಿ ಎಳೆದುಕೊಳ್ಳಬೇಕಿತ್ತು. ಅಂದರೆ ಮೊದಲು ಸಂಖ್ಯೆ, ಆಮೇಲೆ ಮನುಷ್ಯರು. ಬಡತನ ನಿವಾರಣೆಯಲ್ಲಿ ನಮ್ಮ ಕೇಂದ್ರ ಸರ್ಕಾರಗಳು ಅನುಸರಿಸಿಕೊಂಡು ಬಂದ ರೀತಿಯ ಮೇಲೆ ನಮಗಿರುವ ಮುಖ್ಯ ತಕರಾರು ಇದೇ. ಪಕ್ಷ ಯಾವುದೇ ಇರಲಿ, ಬಡವರಿಗೆ ಏನು ಬೇಕೆಂದು ಕೇಳುವುದಕ್ಕಿಂತ ಬಡವರ ಪಟ್ಟಿಯಲ್ಲಿ ಎಷ್ಟು ಜಾಗವಿರಬೇಕೆಂಬ ಚಿಂತೆಯೇ ದೆಹಲಿಗೆ ಹೆಚ್ಚಾಗಿದೆ.

ಈ ಗೆರೆಗೊಂದು ಚರಿತ್ರೆಯಿದೆ. 1962ರಲ್ಲಿ ಯೋಜನಾ ಆಯೋಗ ನೇಮಿಸಿದ್ದ ತಜ್ಞರ ತಂಡವು 1960-61ರ ಬೆಲೆಗಳ ಪ್ರಕಾರ ಒಬ್ಬ ವ್ಯಕ್ತಿಗೆ ತಿಂಗಳಿಗೆ 20 ರೂ. ಕನಿಷ್ಠವೆಂದು ಹೇಳಿತು. ಆ 20 ರೂಪಾಯಿಯಲ್ಲಿ ಆಸ್ಪತ್ರೆಯ ಖರ್ಚೂ ಶಾಲೆಯ ಖರ್ಚೂ ಸೇರಿರಲಿಲ್ಲ. ಅವೆರಡನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ ಎಂಬುದು ಆ ಕಾಲದ ನಂಬಿಕೆ. 1971ರಲ್ಲಿ ಇಂದಿರಾ ಗಾಂಧಿಯವರು 'ಗರೀಬಿ ಹಟಾವೋ' ಎಂದು ಚುನಾವಣೆ ಗೆದ್ದರು. 1979ರಲ್ಲಿ ಇನ್ನೊಂದು ಕಾರ್ಯಪಡೆ ಹಳ್ಳಿಯವರಿಗೆ ದಿನಕ್ಕೆ 2400, ಪಟ್ಟಣದವರಿಗೆ 2100 ಕ್ಯಾಲೊರಿ ಎಂದು ಗೊತ್ತುಮಾಡಿ, ಅಷ್ಟು ಆಹಾರ ಕೊಳ್ಳಬಲ್ಲ ಕುಟುಂಬದ ಖರ್ಚನ್ನೇ ಗೆರೆಯಾಗಿಸಿತು. ಮುಂದೆ ಬೆಲೆ ಏರಿದಂತೆ ಗೆರೆಯನ್ನು ಏರಿಸಿದರೇ ಹೊರತು ಬದುಕು ಬದಲಾದದ್ದನ್ನು ಗಮನಿಸಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿಯಿಲ್ಲದೆ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬೇಕಾದ ಕಾಲ ಬಂತು. 2009ರ ತೆಂಡುಲ್ಕರ್ ಸಮಿತಿ ಬರುವವರೆಗೂ ಆ ಖರ್ಚು ಗೆರೆಯ ಲೆಕ್ಕಕ್ಕೆ ಸರಿಯಾಗಿ ಸೇರಲಿಲ್ಲ. ಈ ಸಮಿತಿ ಲೆಕ್ಕ ತಿದ್ದಿದ ಕೂಡಲೇ 2004-05ರ ಬಡವರ ಪ್ರಮಾಣ ಶೇ. 27.5ರಿಂದ 37.2ಕ್ಕೆ ಹೋಯಿತು. ಒಂದು ವರದಿಯಿಂದ ಹತ್ತು ಕೋಟಿಯಷ್ಟು ಜನ ಬಡವರಾದರು. ಅವರು ಮೊದಲೂ ಬಡವರೇ ಆಗಿದ್ದರು!

2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರ ಓದುಗರಿಗೆ ನೆನಪಿರಬಹುದು. ಪಟ್ಟಣದಲ್ಲಿ ದಿನಕ್ಕೆ 32 ರೂ., ಹಳ್ಳಿಯಲ್ಲಿ 26 ರೂ. ಖರ್ಚು ಮಾಡುವವನು ಬಡವನಲ್ಲ ಎಂಬ ಆ ಮಾತಿಗೆ ದೇಶವೆಲ್ಲ ನಕ್ಕಿತು. 32 ರೂಪಾಯಿಗೆ ಏನು ಬರುತ್ತದೆಂದು ಟಿ.ವಿ.ಯವರು ಸಂತೆಯಲ್ಲಿ ತರಕಾರಿ ಕೊಂಡು ತೋರಿಸಿದರು. ಆ ನಗುವಿನಲ್ಲಿ ಒಂದು ಮಾತು ಮರೆತುಹೋಯಿತು. ಗೆರೆ 32ರ ಬದಲು 47 ಇದ್ದರೂ (2014ರಲ್ಲಿ ರಂಗರಾಜನ್ ಸಮಿತಿ ಪಟ್ಟಣಕ್ಕೆ ಹೇಳಿದ್ದು ಇಷ್ಟೇ) ಖಾಲಾ ಅದರ ಕೆಳಗಿದ್ದಾರೆಂದು ಕಂಡುಹಿಡಿಯುವವರು ಯಾರು? ಕೂಲಿಯ ಕುಟುಂಬ ಈ ತಿಂಗಳು ಗೆರೆಯ ಮೇಲಿರುತ್ತದೆ, ಮನೆಯ ಯಜಮಾನ ಮಲಗಿದರೆ ಮುಂದಿನ ತಿಂಗಳು ಕೆಳಗೆ ಬರುತ್ತದೆ. ಪಟ್ಟಿ ಮಾತ್ರ ಹತ್ತು ವರ್ಷಕ್ಕೊಮ್ಮೆ ಬದಲಾಗುವಂಥದ್ದು.

ಪಡಿತರದ ಕಥೆಯನ್ನೇ ನೋಡಿ. 1997ರ ಜೂನ್‌ವರೆಗೆ ನ್ಯಾಯಬೆಲೆ ಅಂಗಡಿ ಎಲ್ಲರದ್ದಾಗಿತ್ತು. ಸಕ್ಕರೆ, ಸೀಮೆಎಣ್ಣೆಗೆ ಮೇಷ್ಟ್ರೂ ಗುಮಾಸ್ತರೂ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಆ ವರ್ಷ 'ಉದ್ದೇಶಿತ' ಎಂಬ ವಿಶೇಷಣ ಸೇರಿಸಿ ಬಡವರಿಗೊಂದು ಕಾರ್ಡು, ಉಳಿದವರಿಗೊಂದು ಕಾರ್ಡು ಎಂದು ಮಾಡಲಾಯಿತು. ಹಣ ಉಳಿಯುತ್ತದೆ, ನಿಜವಾದ ಬಡವರಿಗೆ ಹೆಚ್ಚು ಸಿಗುತ್ತದೆ ಎಂಬುದು ಕೊಟ್ಟ ಕಾರಣ. ಎಂಟು ವರ್ಷಗಳ ನಂತರ, 2005ರಲ್ಲಿ, ಯೋಜನಾ ಆಯೋಗದ್ದೇ ಮೌಲ್ಯಮಾಪನ ಸಂಸ್ಥೆ ಸಬ್ಸಿಡಿ ಧಾನ್ಯದ ಸುಮಾರು ಶೇ. 58 ಭಾಗ ಬಿ.ಪಿ.ಎಲ್. ಕುಟುಂಬಗಳಿಗೆ ತಲುಪುತ್ತಿಲ್ಲವೆಂದು ಹೇಳಿತು. ಇದರಲ್ಲಿ ಆಶ್ಚರ್ಯವಿಲ್ಲ. ಕಳಪೆ ಅಕ್ಕಿ ಬಂದಾಗ ಕೂಗಾಡಬಲ್ಲ ಮೇಷ್ಟ್ರು, ಗುಮಾಸ್ತರು ಸಾಲಿನಿಂದ ಹೊರಟುಹೋಗಿದ್ದರು. ಉಳಿದವರ ಕೂಗಿಗೆ ಕಿವಿಗೊಡಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಪಕ್ಕದ ತಮಿಳುನಾಡು ಈ ವಿಂಗಡಣೆಗೆ ಒಪ್ಪದೆ ಅಕ್ಕಿಯನ್ನು ಎಲ್ಲರಿಗೂ ತೆರೆದೇ ಇಟ್ಟಿತು, ಅದರಿಂದ ಆ ರಾಜ್ಯವೇನೂ ದಿವಾಳಿಯಾಗಲಿಲ್ಲ.

2006ರ ಸಾಚಾರ್ ವರದಿ ಬಂದಾಗ ನಮ್ಮ ಸಮುದಾಯದಲ್ಲಿ ಬಹಳ ಚರ್ಚೆಯಾಯಿತು. ಮುಸ್ಲಿಮರಲ್ಲಿ ಶೇ. 31ರಷ್ಟು ಮಂದಿ ಬಡವರು, ಪಟ್ಟಣಗಳಲ್ಲಿ ಶೇ. 38.4 ಎಂದು ಅದು ಹೇಳಿತ್ತು. ಮನೆಯಲ್ಲೇ ಕೂತು ಬೀಡಿ ಕಟ್ಟುವ, ಜರಿ ಹೊಲಿಯುವ ಹೆಂಗಸರ ಬದುಕನ್ನೂ ಅದು ಕಂಡಿತ್ತು. ಪಟ್ಟಿಯಲ್ಲಿ ನಮಗೊಂದಿಷ್ಟು ಜಾಗ ಮೀಸಲಿಡಿ ಎಂಬ ಬೇಡಿಕೆ ಆಗ ಎದ್ದಿತು. ಅದರ ಹಿಂದಿನ ನೋವು ನಮಗೆ ಗೊತ್ತು. ಆದರೆ ಜಾಗವೇ ಕಡಿಮೆಯಿರುವ ಪಟ್ಟಿಯಲ್ಲಿ ನಮ್ಮವರಿಗೆ ಸ್ಥಳ ಬೇಕೆಂದರೆ ಇನ್ನೊಬ್ಬ ಬಡವನನ್ನು ಎಬ್ಬಿಸಬೇಕಾಗುತ್ತದೆ. ವರದಿಯಲ್ಲಿ ನಮಗಿಂತ ಹಿಂದೆ ಇದ್ದವರು ಪರಿಶಿಷ್ಟರು, ಅವರಲ್ಲಿ ಬಡವರು ಶೇ. 35.

ಪಟ್ಟಿಯಿಲ್ಲದೆಯೂ ಬಡವರನ್ನು ತಲುಪಬಹುದೆಂದು ಇದೇ ದೇಶ ತೋರಿಸಿಕೊಟ್ಟಿದೆ. 2001ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಲೇಬೇಕೆಂದಿತು. ತಟ್ಟೆ ಹಿಡಿದ ಮಗುವನ್ನು ನಿನ್ನಪ್ಪನ ಆದಾಯವೆಷ್ಟೆಂದು ಯಾರೂ ಕೇಳಲಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ಇನ್ನೂ ಮುಂದೆ ಹೋಯಿತು. ಹಳ್ಳಿಯ ಯಾವ ಕುಟುಂಬವೂ ವರ್ಷಕ್ಕೆ 100 ದಿನ ಕೆಲಸ ಕೇಳಬಹುದಿತ್ತು, ಹದಿನೈದು ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಬಿಸಿಲಿನಲ್ಲಿ ಮಣ್ಣು ಅಗೆಯಲು ಸಾಹುಕಾರ ಬರುವುದಿಲ್ಲವಾದ್ದರಿಂದ ಇಲ್ಲಿ ಅಂಕ ಕೊಡುವ ಮೇಷ್ಟ್ರ ಅಗತ್ಯವಿರಲಿಲ್ಲ. ಕೊರೊನಾದ 2020-21ರಲ್ಲಿ 11 ಕೋಟಿಗೂ ಹೆಚ್ಚು ಜನ ಈ ಕೆಲಸ ಮಾಡಿದರು. ಕೂಲಿ ತಡವಾಯಿತು, ಹಾಜರಿ ಪುಸ್ತಕಗಳಲ್ಲಿ ಸುಳ್ಳು ಹೆಸರು ಸೇರಿದವು, ಅನುದಾನ ನಡುವರ್ಷದಲ್ಲೇ ಬತ್ತಿತು. ಇವೆಲ್ಲ ನಿಜ. ಆದರೂ ಕೆಲಸ ಎಷ್ಟೆಂಬುದನ್ನು ಕಾನೂನಿನ ಪ್ರಕಾರ ಕೇಳುವವನು ನಿರ್ಧರಿಸುತ್ತಿದ್ದ.

2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ 'ವಿಬಿ-ಜಿ ರಾಮ್ ಜಿ' ಎಂಬ ಹೊಸ ಕಾಯ್ದೆ ತಂದಿತು. ದಿನಗಳು 125ಕ್ಕೆ ಏರಿದವು. ಗಾಂಧೀಜಿಯವರ ಹೆಸರು ಹೋದ ಬಗ್ಗೆ ದೊಡ್ಡ ಗದ್ದಲವಾಯಿತು. ನಮ್ಮನ್ನು ಹೆಚ್ಚು ಕಾಡಿದ್ದು ಬೇರೆ ಕಲಮು. ಇನ್ನು ಮುಂದೆ ಯಾವ ರಾಜ್ಯಕ್ಕೆ ಎಷ್ಟು ಹಣವೆಂಬುದನ್ನು ಕೇಂದ್ರ ಮೊದಲೇ ಗೊತ್ತುಮಾಡುತ್ತದೆ, ಅದನ್ನು ಮೀರಿದ ಖರ್ಚು ರಾಜ್ಯದ್ದು. ಹೆಚ್ಚಿನ ರಾಜ್ಯಗಳು ಹೇಗೂ ಶೇ. 40 ಪಾಲು ಹೊರಬೇಕು. ಜನ ಎಷ್ಟೇ ಕೇಳಲಿ, ಸಂಖ್ಯೆ ಮತ್ತೆ ಮೊದಲು ಬಂದು ಕೂತಿತು.

ಬಡತನ ಇಳಿದೇ ಇಲ್ಲವೆಂದು ನಾವು ಹೇಳುತ್ತಿಲ್ಲ. 2013-14ರಿಂದ 2022-23ರವರೆಗೆ 24.82 ಕೋಟಿ ಜನ ಬಹುಆಯಾಮದ ಬಡತನದಿಂದ ಹೊರಬಂದರೆಂದು ನೀತಿ ಆಯೋಗ 2024ರಲ್ಲಿ ಹೇಳಿತು. ನಮ್ಮ ಕೇರಿಯಲ್ಲೂ ಶೌಚಾಲಯಗಳಾಗಿವೆ, ವಿದ್ಯುತ್ತಿದೆ. ಆದರೆ ಆ ಲೆಕ್ಕದಲ್ಲಿ ಬ್ಯಾಂಕ್ ಖಾತೆಯೂ ಒಂದು ಸೂಚಕ. ಖಾತೆಯಲ್ಲಿ ದುಡ್ಡಿದೆಯೇ ಎಂಬುದು ಅಲ್ಲಿ ಬರುವುದಿಲ್ಲ. ಬಡವರು ಶೇ. 11.28 ಮಾತ್ರವಾದರೆ 80 ಕೋಟಿ ಜನಕ್ಕೆ ಪುಕ್ಕಟೆ ಧಾನ್ಯ ಏಕೆಂದು ಕೆಲವರು ಗೇಲಿ ಮಾಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದೇ ಸರ್ಕಾರ ಮಾಡಿದ ಸರಿಯಾದ ಕೆಲಸ. ಅಂಕಿಯನ್ನು ಸರ್ಕಾರವೂ ಪೂರ್ತಿ ನಂಬಿದಂತಿಲ್ಲ!

ಮಾತಿನ ಬಗ್ಗೆಯೂ ಒಂದು ಮಾತು, ಕಥೆ ಬರೆಯುವವರಿಗೆ ಇದು ತಪ್ಪದ ಚಾಳಿ. ಅರ್ಜಿ, ಮಂಜೂರು, ತಕರಾರು, ಹಕ್ಕು, ಇವೆಲ್ಲ ಕಚೇರಿಯ ದಾರಿಯಲ್ಲಿ ಕನ್ನಡಕ್ಕೆ ಬಂದು ಇಲ್ಲಿಯವೇ ಆದ ಮಾತುಗಳು. 2005ರ ಕಾಯ್ದೆಯೂ 2013ರ ಆಹಾರ ಭದ್ರತಾ ಕಾಯ್ದೆಯೂ ಬಡವನನ್ನು ಹಕ್ಕುದಾರನನ್ನಾಗಿ ಮಾಡಿದ್ದವು. ಈಗಿನ ಭಾಷಣಗಳಲ್ಲಿ ಅವನು 'ಫಲಾನುಭವಿ', ಹಿಂದಿಯಲ್ಲಿ 'ಲಾಭಾರ್ಥಿ'. ಕೊಡುವವರ ಭಾವಚಿತ್ರ ಅಕ್ಕಿ ಚೀಲದ ಮೇಲೆ ಮುದ್ರಣವಾದಾಗ ಹಕ್ಕು ಖೈರಾತಾಗುತ್ತದೆ.

ಆಹಾರ ಭದ್ರತಾ ಕಾಯ್ದೆಗೂ ಒಂದು ಮಿತಿಯಿದೆ, ಹಳ್ಳಿಗಳಲ್ಲಿ ಶೇ. 75, ಪಟ್ಟಣಗಳಲ್ಲಿ ಶೇ. 50. ಇದರ ಲೆಕ್ಕ ನಿಂತಿರುವುದು 2011ರ ಜನಗಣತಿಯ ಮೇಲೆ. ಇ-ಶ್ರಮ್‌ನಲ್ಲಿ ನೋಂದಾಯಿಸಿಯೂ ಕಾರ್ಡಿಲ್ಲದ ಸುಮಾರು 8 ಕೋಟಿ ಕಾರ್ಮಿಕರಿಗೆ ಮಿತಿಯನ್ನು ನೋಡದೆ ಕಾರ್ಡು ಕೊಡಿ ಎಂದು ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ಆದೇಶಿಸಿತು. ಮುಂದಿನ ಜನಗಣತಿಯ ಅಂಕಿಅಂಶ ಬಂದ ಮೇಲೆಯೇ ಮಿತಿಯ ಪರಿಷ್ಕರಣೆ ಎಂಬುದು ಕೇಂದ್ರ ಹೇಳುತ್ತ ಬಂದ ಉತ್ತರ. 2021ರಲ್ಲಿ ಆಗಬೇಕಿದ್ದ ಆ ಗಣತಿ 2027ಕ್ಕೆ ಹೋಗಿದೆ. ಖಾಲಾರ ಹಿರಿಯ ಮೊಮ್ಮಗ ಹುಟ್ಟಿದ್ದು 2011ರ ಗಣತಿ ಮುಗಿದ ಮೂರು ತಿಂಗಳಿಗೆ. ಹೊಸ ಲೆಕ್ಕದಲ್ಲಿ ಅವನೂ ಒಬ್ಬನೆಂದು ಸೇರುವ ಹೊತ್ತಿಗೆ ಅವನು ಪಿ.ಯು.ಸಿ. ಓದುತ್ತಿರುತ್ತಾನೆ.