ಬಂದಾನ, ಬಂದಾನು: ಧಾರವಾಡ ಕನ್ನಡವನ್ನು ಕುರಿತ ಲೇಖನಗಳಲ್ಲಿ ಉದಾಹರಣೆಯ ಸಾಲು

ಧಾರವಾಡ ಕನ್ನಡದ ಕ್ರಿಯಾರೂಪಗಳನ್ನು ಕುರಿತ ಲೇಖನವೊಂದು ಪರಿಶೀಲನೆಗಾಗಿ ನಮ್ಮ ಬಳಿಗೆ ಬಂದಿತ್ತು. ಅದರ ಮೊದಲ ಉದಾಹರಣೆ ‘ಅಂವ ಬಂದಾನು’ ಎಂದಿತ್ತು. ಅದರ ಕೆಳಗಿನ ಇಂಗ್ಲಿಷ್ ಅನುವಾದವು ‘ಅವನು ಬಂದಿದ್ದಾನೆ’ ಎಂಬ ಅರ್ಥವನ್ನು ಕೊಡುತ್ತಿತ್ತು. ಇವೆರಡೂ ಏಕಕಾಲದಲ್ಲಿ ಸರಿಯಾಗಿರಲು ಸಾಧ್ಯವಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ‘ಬಂದಾನ’ ಎಂದರೆ ಆತ ಬಂದು ಇಲ್ಲಿಯೇ ಇದ್ದಾನೆ ಎಂದರ್ಥ. ಬರಹದ ಕನ್ನಡದಲ್ಲಿ ‘ಬಂದಾನು’ ಎಂದರೆ ಬಂದರೂ ಬರಬಹುದು ಎಂದರ್ಥ. ವ್ಯಾಕರಣಗಳು ಇದನ್ನು ಸಂಭಾವನಾರ್ಥಕ ರೂಪವೆಂದು ಕರೆಯುತ್ತವೆ. ಬಾಗಿಲ ಬಳಿ ನಿಂತಿರುವ ಮನುಷ್ಯನನ್ನು ಒಂದು ಕೊಂಬು ಊಹೆಯನ್ನಾಗಿ ಮಾಡಿಬಿಟ್ಟಿತು. ವಿಚಾರಿಸಿದಾಗ ಲೇಖಕರು ಮೊದಲು ಬರೆದದ್ದು ‘ಬಂದಾನ’ ಎಂದೇ ಎಂದು ತಿಳಿಯಿತು. ಕಳುಹಿಸುವ ಮುನ್ನ ಕರಡನ್ನು ತಿದ್ದಿಕೊಟ್ಟ ಹಿತೈಷಿಯೊಬ್ಬರಿಗೆ ಅದು ಕೈತಪ್ಪಿನಿಂದ ಕೊಂಬು ಬಿಟ್ಟುಹೋದ ಪದವಾಗಿ ಕಂಡಿತ್ತು.

ಈ ತಪ್ಪನ್ನು ಪತ್ತೆಹಚ್ಚುವ ಉಪಾಯ ಅದೇ ಪುಟದಲ್ಲಿಯೇ ಇತ್ತು. ಪುಲ್ಲಿಂಗ, ಸ್ತ್ರೀಲಿಂಗಗಳಲ್ಲಿ ಎರಡು ರೂಪಗಳ ನಡುವಿನ ಅಂತರ ಕೊನೆಯ ಸ್ವರದ್ದು ಮಾತ್ರ: ಬಂದಾನ, ಬಂದಾನು, ಬಂದಾಳ, ಬಂದಾಳು. ನಪುಂಸಕದಲ್ಲಿ ಹಾಗಲ್ಲ. ಅಲ್ಲಿ ‘ಬಂದದ’ ಅಥವಾ ‘ಬಂದೈತಿ’ ಒಂದು ಕಡೆ, ‘ಬಂದೀತು’ ಇನ್ನೊಂದು ಕಡೆ. ತಿದ್ದಿದವರು ಪುಲ್ಲಿಂಗದ ಸಾಲನ್ನು ಮುಟ್ಟಿ ನಪುಂಸಕದ ಸಾಲನ್ನು ಬಿಟ್ಟಿದ್ದರಿಂದ, ಕೋಷ್ಟಕದ ಒಂದು ಸಾಲು ಸಂಭಾವನೆಯನ್ನೂ ಮುಂದಿನ ಸಾಲು ಪೂರ್ಣಗೊಂಡ ಕ್ರಿಯೆಯನ್ನೂ ಹೇಳುತ್ತಿತ್ತು. ಮೊದಲ ಪರಿಶೀಲಕರು ಇದನ್ನು ‘ಲೇಖಕರ ವಿಶ್ಲೇಷಣೆಯಲ್ಲಿ ಅಸಂಗತಿಯಿದೆ’ ಎಂದು ಗುರುತಿಸಿ ಲೇಖನವನ್ನು ತಿರಸ್ಕರಿಸಲು ಸೂಚಿಸಿದ್ದರು. ಆ ಪುಟವನ್ನಷ್ಟೇ ನೋಡಿದರೆ ಅವರ ತೀರ್ಮಾನ ಅನ್ಯಾಯದ್ದೆಂದು ಹೇಳಲಾಗದು.

ಲೇಖನ ಸಿದ್ಧತೆ ಎಂಬುದನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಸಾಮಾನ್ಯವಾಗಿ ವಿಶ್ಲೇಷಣೆ ಮುಗಿದ ಮೇಲಿನ ಕೆಲಸವೆಂದು ತಿಳಿಯುತ್ತಾರೆ: ಅಂಚು, ಅಕ್ಷರದ ಗಾತ್ರ, ಉಲ್ಲೇಖಗಳ ಕ್ರಮ, ಸಾರಾಂಶದ ಪದಮಿತಿ. ಭಾಷಾವಿಜ್ಞಾನದ ಮಟ್ಟಿಗೆ ಈ ತಿಳಿವಳಿಕೆ ತಪ್ಪೆಂದೇ ನಮ್ಮ ವಾದ. ಉದಾಹರಣೆಯ ಸಾಲನ್ನು ಬರೆಯುವುದೇ ವಿಶ್ಲೇಷಣೆ. ಅದನ್ನು ತಿದ್ದುವುದೆಂದರೆ ಬೇರೊಂದು ವಿಶ್ಲೇಷಣೆಯನ್ನು ಲೇಖಕರ ಹೆಸರಿನಲ್ಲಿ ಒಳತರುವುದು. ಗ್ರಂಥಸಂಪಾದನೆಯಲ್ಲಿ ಪಳಗಿದ ಈ ಊರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆರ್.ಸಿ. ಹಿರೇಮಠ, ಎಂ.ಎಂ. ಕಲಬುರ್ಗಿ ಅವರಂಥವರು ವಚನಗಳ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠ ನಿರ್ಣಯಿಸಿದ್ದು ಇಲ್ಲಿಯೇ. ತನಗೆ ಅಪರಿಚಿತವಾದ ರೂಪವನ್ನು ಲಿಪಿಕಾರ ಪರಿಚಿತ ರೂಪಕ್ಕೆ ತಿರುಗಿಸುತ್ತಾನೆ, ಆದ್ದರಿಂದ ಸುಲಭ ಪಾಠವನ್ನು ಸಂಶಯದಿಂದ ನೋಡಬೇಕು ಎಂಬ ಸೂತ್ರವನ್ನು ಓಲೆಗರಿಯ ವಿಷಯದಲ್ಲಿ ಎಲ್ಲರೂ ಒಪ್ಪುತ್ತೇವೆ. ಗಣಕಯಂತ್ರದಲ್ಲಿ ಟೈಪಿಸಿದ ಪ್ರತಿಗೆ ಮಾತ್ರ ಅದನ್ನು ಅನ್ವಯಿಸುವುದಿಲ್ಲ.

ಧಾರವಾಡದ ಮಾತು ಜಗತ್ತಿನ ಭಾಷಾವಿಜ್ಞಾನದಲ್ಲಿ ಒಂದು ಸ್ಥಾನವನ್ನು ಪಡೆದದ್ದು ಉದಾಹರಣೆಯ ಸಾಲು ತಿದ್ದುಪಡಿಯಾಗದೆ ಅಚ್ಚಾದದ್ದರಿಂದ. ವಿಲಿಯಂ ಮೆಕಾರ್ಮಾಕ್ ಅವರ ‘ಧಾರವಾಡ ಕನ್ನಡದಲ್ಲಿ ಸಾಮಾಜಿಕ ಉಪಭಾಷೆಗಳು’ ಎಂಬ ಇಂಗ್ಲಿಷ್ ಲೇಖನ 1960ರಲ್ಲಿ, ಚಾರ್ಲ್ಸ್ ಫರ್ಗುಸನ್ ಮತ್ತು ಜಾನ್ ಗಂಪರ್ಜ್ ಸಂಪಾದಿಸಿದ ದಕ್ಷಿಣ ಏಷ್ಯಾದ ಭಾಷಾ ವೈವಿಧ್ಯದ ಸಂಪುಟದಲ್ಲಿ ಪ್ರಕಟವಾಯಿತು. ಜಾತಿ ಮತ್ತು ಉಪಭಾಷೆಯ ಸಂಬಂಧವನ್ನು ಕುರಿತು ವಿಲಿಯಂ ಬ್ರೈಟ್ ಅವರೂ ಅದೇ ವರ್ಷಗಳಲ್ಲಿ ಬರೆಯುತ್ತಿದ್ದರು. ಮುಂದೆ ಪೀಟರ್ ಟ್ರಡ್ಗಿಲ್ ಅವರ 1974ರ ಸಮಾಜ ಭಾಷಾವಿಜ್ಞಾನದ ಪಠ್ಯದಲ್ಲಿ ಧಾರವಾಡ ಮತ್ತು ಬೆಂಗಳೂರುಗಳನ್ನು ಅಕ್ಕಪಕ್ಕ ಇಟ್ಟ ಒಂದು ಚಿಕ್ಕ ಕೋಷ್ಟಕ ಬಂದಿತು. ಅಲ್ಲಿ ಬ್ರಾಹ್ಮಣರ ಮಾತಿನ ‘ಅದ’ಕ್ಕೆ ಎದುರಾಗಿ ಇತರರ ‘ಐತಿ’ ಇದೆ. ‘-ಲಿಕ್ಕೆ’ ಪ್ರತ್ಯಯಕ್ಕೆ ಎದುರಾಗಿ ‘-ಆಕ್’ ಇದೆ. ಊರಿನ ಅಂತರಕ್ಕಿಂತ ಸಾಮಾಜಿಕ ಅಂತರ ಹೆಚ್ಚಿನದಾಗಿರಬಹುದು ಎಂಬ ವಾದಕ್ಕೆ ಆ ಕೋಷ್ಟಕವೇ ಆಧಾರ. ಅದನ್ನು ಎರಡು ಜಾತಿಗಳ ಎರಡು ಕಂಬಗಳಾಗಿ ನಿಲ್ಲಿಸಿದ್ದಕ್ಕೆ ನಮ್ಮ ಆಕ್ಷೇಪವಿದೆ. ಒಬ್ಬನೇ ಮಾತುಗಾರ ಮನೆಯಲ್ಲಿ ‘ಐತಿ’ ಎಂದು ಕಚೇರಿಯಲ್ಲಿ ‘ಅದ’ ಎನ್ನುವುದನ್ನು, ಮೂರನೆಯ ಕಡೆ ‘ಇದೆ’ ಎನ್ನುವುದನ್ನೂ, ನಾವು ನಿತ್ಯ ಕೇಳುತ್ತೇವೆ. ಆದರೆ ಆಕ್ಷೇಪಿಸುವುದಕ್ಕಾದರೂ ‘ಐತಿ’ ಪುಟದ ಮೇಲೆ ಇರಬೇಕು. ಇಂದು ನಮ್ಮ ಕೈಗೆ ಬರುವ ಹಲವು ಲೇಖನಗಳಲ್ಲಿ ಮೂರೂ ರೂಪಗಳು ‘ಇದೆ’ ಎಂದಾಗಿಯೇ ಬರುತ್ತವೆ. ಪರದೇಶದ ವಿದ್ವಾಂಸರು ಕೇಳಿಸಿಕೊಂಡು ಬರೆದದ್ದನ್ನು ಅದೇ ಮಾತನ್ನು ಆಡುವ ಮನೆಯಿಂದ ಬಂದವರು ಅಳಿಸುತ್ತಿದ್ದಾರೆ.

ಧ್ವನಿಯ ವಿಷಯದಲ್ಲಿ ಹಾನಿ ಇನ್ನೂ ಆಳವಾದದ್ದು. ಅಲ್ಲಿ ಅದು ಕಣ್ಣಿಗೆ ಬೀಳುವುದೂ ಕಡಿಮೆ. ‘ಬೇಡ’ ಎಂಬುದು ಇಲ್ಲಿ ‘ಬ್ಯಾಡ’, ‘ಮೇಲೆ’ ಎಂಬುದು ‘ಮ್ಯಾಲ’, ‘ಪೇಟೆ’ ಎಂಬುದು ‘ಪ್ಯಾಟಿ’. ಇಂಗ್ಲಿಷಿನ ‘ಬ್ಯಾಟ್’ ಪದದ ಸ್ವರವನ್ನು ಹೋಲುವ, ಆದರೆ ದೀರ್ಘವಾದ, ಈ ವಿವೃತ ಸ್ವರಕ್ಕೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಅಕ್ಷರವಿಲ್ಲದ ಕಾರಣ ಯಕಾರದ ಒತ್ತನ್ನು ಕೊಟ್ಟು ಬರೆಯುವ ರೂಢಿ ಬಂದಿದೆ. ಓದುಗನಿಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಲೇಖಕರು ಈ ಬರಹವನ್ನೇ ಲಿಪ್ಯಂತರ ನಿಯಮದಂತೆ ರೋಮನ್ ಲಿಪಿಗೆ ಇಳಿಸಿದಾಗ. ಲಿಪ್ಯಂತರ ಅಕ್ಷರವನ್ನು ಅನುಸರಿಸುತ್ತದೆ, ಧ್ವನಿಲೇಖನ ಬಾಯಿಯನ್ನು ಅನುಸರಿಸುತ್ತದೆ. ಎರಡನ್ನೂ ಒಂದೇ ಎಂದುಕೊಂಡಾಗ ಯಾರೂ ಉಚ್ಚರಿಸದ ಒಂದು ಯಕಾರ ಹುಟ್ಟಿಕೊಳ್ಳುತ್ತದೆ. ಅಂಥ ದತ್ತಾಂಶದ ಮೇಲೆ ‘ಉತ್ತರ ಕರ್ನಾಟಕದ ಕನ್ನಡದಲ್ಲಿ ದೇಶ್ಯ ಪದಗಳ ಆದಿಯಲ್ಲಿಯೂ ವ್ಯಂಜನ ಗುಚ್ಛಗಳು ಹೇರಳ’ ಎಂಬ ತೀರ್ಮಾನಕ್ಕೆ ಬಂದ ಬರಹವನ್ನು ನಾವು ಓದಿದ್ದೇವೆ. ಅದು ಒತ್ತಕ್ಷರದ ಬಗೆಗಿನ ತೀರ್ಮಾನ, ಭಾಷೆಯ ಬಗೆಗಿನದಲ್ಲ.

ಈಗ ‘ಪ್ಯಾಟಿ’ಯನ್ನು ‘ಬೇಲಿ’ಯ ಪಕ್ಕದಲ್ಲಿಡೋಣ. ಮುಂದಿನ ಅಕ್ಷರದ ಸ್ವರಕ್ಕೆ ತಕ್ಕಂತೆ ಹಿಂದಿನ ಸ್ವರ ಏರುವ ಇಲ್ಲವೇ ಇಳಿಯುವ ಪ್ರವೃತ್ತಿ ದ್ರಾವಿಡ ಭಾಷೆಗಳಲ್ಲಿ ಪರಿಚಿತವಾದದ್ದು. ಬ್ರೈಟ್ 1966ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಇದನ್ನು ಕುರಿತು ಬರೆದಿದ್ದಾರೆ. ಅದರ ಪ್ರಕಾರ ಮುಂದೆ ಇಕಾರ, ಉಕಾರಗಳಿದ್ದರೆ ಏಕಾರ ಸಂವೃತವಾಗಿಯೇ ಉಳಿಯಬೇಕು, ಉಳಿದೆಡೆ ವಿವೃತವಾಗಬೇಕು. ‘ಬೇಲಿ’ ಈ ನಿಯಮಕ್ಕೆ ಒಪ್ಪುತ್ತದೆ. ‘ಪ್ಯಾಟಿ’ಯ ಕೊನೆಯಲ್ಲಿಯೂ ಇಕಾರವೇ ಇದೆ, ಆದರೆ ಮೊದಲ ಸ್ವರ ವಿವೃತ. ಕಾರಣ ಸ್ಪಷ್ಟ: ಅದು ಮೂಲತಃ ‘ಪೇಟೆ’. ಮೊದಲು ಏಕಾರ ವಿವೃತವಾಯಿತು. ಆಮೇಲೆ ‘ಮನೆ’ ‘ಮನಿ’ಯಾದಂತೆ ಪದಾಂತ್ಯದ ಎಕಾರ ಇಕಾರವಾಯಿತು. ಪರಿಸರ ಅಳಿಸಿಹೋದ ಮೇಲೆ, ಒಂದು ಕಾಲಕ್ಕೆ ಕೇವಲ ಉಪಧ್ವನಿಯಾಗಿದ್ದದ್ದು ಧ್ವನಿಮಾ ಆಗುವ ಹಾದಿ ಹಿಡಿಯುತ್ತದೆ. ಧ್ವನಿಮಾ ವಿಭಜನೆಗೆ ಇದಕ್ಕಿಂತ ಸ್ವಚ್ಛವಾದ ನಿದರ್ಶನ ಪಾಠ ಹೇಳುವವರಿಗೆ ಸಿಗುವುದು ಕಷ್ಟ, ಅದೂ ಹುಬ್ಬಳ್ಳಿಯ ಪೇಟೆಯಲ್ಲಿಯೇ. ಆದರೆ ಲೇಖಕರಾಗಲಿ ಟೈಪಿಸಿದವರಾಗಲಿ ಅರ್ಧ ತಿದ್ದುಪಡಿ ಮಾಡಿ ‘ಪ್ಯಾಟೆ’ ಎಂದು ಬರೆದರೆ ವಿವೃತ ಸ್ವರ ಮತ್ತೆ ಪರಿಸರಕ್ಕೆ ಒಳಪಟ್ಟು ವೈದೃಶ್ಯವೇ ಇಲ್ಲವಾಗುತ್ತದೆ. ಪೂರ್ತಿ ತಿದ್ದಿ ‘ಪೇಟೆ’ ಎಂದು ಬರೆದರೆ ಚರ್ಚೆಗೆ ವಿಷಯವೇ ಇರುವುದಿಲ್ಲ. ಒಂದೇ ಪದದ ಈ ಮೂರೂ ಬರಹಗಳನ್ನು ಒಂದೇ ಲೇಖನದ ಮೂರು ಪುಟಗಳಲ್ಲಿ ಕಂಡದ್ದುಂಟು.

ಪದಗಳ ನಡುವಿನ ತೆರವೂ ಇಂಥದೇ ಒಂದು ಪ್ರತಿಪಾದನೆ. ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ಇಲ್ಲಿ ‘ಹತ್ತು’ ಧಾತು ಬಳಕೆಯಾಗುತ್ತದೆ. ‘ಮಾಡಾಕ ಹತ್ತ್ಯಾನ’ ಎಂದು ಬಿಡಿಸಿ ಬರೆದರೆ ಅದು ಸಹಾಯಕ ಕ್ರಿಯಾಪದ. ‘ಮಾಡಾಕತ್ಯಾನ’ ಎಂದು ಕೂಡಿಸಿ ಬರೆದರೆ ಅದು ಪ್ರತ್ಯಯವಾಗುವ ದಾರಿಯಲ್ಲಿದೆ. ಲೈಪ್‌ಜಿಗ್ ಅರ್ಥಸೂಚನ ನಿಯಮಗಳು ಆಕೃತಿಮಾಗಳ ನಡುವೆ ಅಡ್ಡಗೆರೆಯನ್ನೂ ಪದಾಶ್ರಿತ ರೂಪಗಳಿಗೆ ಸಮಚಿಹ್ನೆಯನ್ನೂ ಹಾಕಲು ಹೇಳುತ್ತವೆ. ಎಲ್ಲಿ ಹಾಕಬೇಕೆಂಬುದನ್ನು ಅವು ಹೇಳಲಾರವು. ‘ಹೌದ್ರೀ’ ಎಂಬಲ್ಲಿಯ ‘ರೀ’ಗೆ ಯಾವ ಚಿಹ್ನೆ ಎಂಬುದನ್ನು ಲೇಖಕರೇ ವಾದಿಸಿ ಗೆಲ್ಲಬೇಕು. ಬಹುಪಾಲು ಲೇಖನಗಳು ಈ ವಾದವನ್ನು ಮಾಡುವುದಿಲ್ಲ, ಟೈಪಿಸುವಾಗ ತೆರವು ಎಲ್ಲಿ ಬಿದ್ದಿತೋ ಅಲ್ಲಿಗೆ ಒಪ್ಪಿಕೊಳ್ಳುತ್ತವೆ. ಹಳೆಯ ಅಕ್ಷರ ಸಂಕೇತದಲ್ಲಿ ಟೈಪಿಸಿದ್ದನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಆ ತೆರವೂ ಸ್ಥಳ ಬದಲಿಸುವುದುಂಟು. ಅಂತರರಾಷ್ಟ್ರೀಯ ಧ್ವನಿಲಿಪಿಯ ಚಿಹ್ನೆಗಳಂತೂ ಖಾಲಿ ಚೌಕಗಳಾಗಿ ಬರುತ್ತವೆ. ಪರಿವರ್ತಿಸಿದ ಮೇಲೆ ಒಮ್ಮೆ ಓದಿ ನೋಡುವಷ್ಟು ವ್ಯವಧಾನ ಯಾಕಿಲ್ಲ ಎಂದು ಕೇಳಿದರೆ ಉತ್ತರ ಗೊತ್ತಿರುವುದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ 2016ರ ನಿಯಮಾವಳಿ ಮಹಾಪ್ರಬಂಧ ಸಲ್ಲಿಸುವ ಮುನ್ನ ಒಂದು ಲೇಖನದ ಪ್ರಕಟಣೆಯನ್ನು ಕಡ್ಡಾಯ ಮಾಡಿತು. 2018ರ ಮೇ ತಿಂಗಳಲ್ಲಿ ಆಯೋಗವೇ ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. 2019ರಲ್ಲಿ ಕೇರ್ ಪಟ್ಟಿ ಬಂದಿತು. 2022ರ ನಿಯಮಾವಳಿಯಲ್ಲಿ ಕಡ್ಡಾಯ ಹೋಯಿತು. 2025ರಲ್ಲಿ ಕೇರ್ ಪಟ್ಟಿಯೂ ಹೋಯಿತು. ಪಟ್ಟಿಗಳು ಬಂದು ಹೋದರೂ ಅವು ಕಲಿಸಿದ ಅವಸರ ಉಳಿದಿದೆ.

ಅವಸರವೊಂದನ್ನೇ ದೂರುವುದು ಸರಿಯಲ್ಲ. ತಿದ್ದುವ ಕೈಯ ಹಿಂದೆ ಒಂದು ನಂಬಿಕೆಯೂ ಇದೆ. ಕಿಟ್ಟೆಲ್ ಅವರ 1903ರ ವ್ಯಾಕರಣ ಕನ್ನಡದ ಮೂರು ‘ಉಪಭಾಷೆ’ಗಳನ್ನು ವಿವರಿಸುವುದಾಗಿ ಶೀರ್ಷಿಕೆಯಲ್ಲಿಯೇ ಹೇಳಿಕೊಳ್ಳುತ್ತದೆ, ಆ ಮೂರೂ ಕಾಲದ ಭೇದಗಳು: ಹಳೆಯದು, ನಡುವಣದು, ಹೊಸದು. ಭೇದವೆಂದರೆ ಕಾಲದ ಭೇದ ಎಂಬ ಈ ನೋಟದಲ್ಲಿ ಊರಿನ ಭೇದಕ್ಕೆ ಸಿಗುವ ಜಾಗ ‘ಅಪಭ್ರಂಶ’ದ್ದು ಮಾತ್ರ. ಶಾಲೆಯಲ್ಲಿ ‘ಮನಿ’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಂಡವರು ಮುಂದೆ ಸಂಶೋಧಕರಾದಾಗ ಆ ಗೆರೆಯನ್ನು ತಾವೇ ಹಾಕಿಕೊಳ್ಳುತ್ತಾರೆ. ವಾಕ್ಯರಚನೆಯ ಲೇಖನಗಳಲ್ಲಿ ಇಂದಿಗೂ ರಾಮನು ಹಣ್ಣನ್ನು ತಿನ್ನುತ್ತಲೇ ಇದ್ದಾನೆ. ಆ ವಾಕ್ಯವನ್ನು ಧಾರವಾಡದ ಯಾವ ಓಣಿಯಲ್ಲಿಯೂ ಕೇಳಲಾಗದು ಎಂಬುದು ಲೇಖಕರಿಗೂ ಗೊತ್ತು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು, ಅದನ್ನು ಮರೆಮಾಚಬಾರದು. ಬೇಂದ್ರೆಯವರಿಂದ ಹಿಡಿದು ಇಲ್ಲಿಯ ಕವಿಗಳು, ನಾಟಕಕಾರರು ಧಾರವಾಡದ ಮಾತನ್ನು ಬರಹಕ್ಕೆ ತಂದರು. ಆ ಬರಹದ ರೂಢಿಯನ್ನೇ ಧ್ವನಿಲೇಖನವೆಂದು ತಿಳಿದ ಕೆಲವರು, ತಮ್ಮ ಮಾತುಗಾರರು ‘ಹೋಗ್ತೇನೆ’ ಎಂದದ್ದನ್ನೂ ‘ಹೊಕ್ಕೇನಿ’ ಎಂದು ಬರೆದು ಪ್ರಾದೇಶಿಕತೆಯನ್ನು ಹೆಚ್ಚಿಸುತ್ತಾರೆ. ಶಿಷ್ಟಕ್ಕೆ ತಿದ್ದುವುದೂ ದೇಸಿಗೆ ತಿದ್ದುವುದೂ ನಮಗೆ ಒಂದೇ. ಲೇಖನದ ಗದ್ಯ ಶಿಷ್ಟ ಕನ್ನಡದಲ್ಲಿರಲಿ ಎಂಬ ಪತ್ರಿಕೆಗಳ ಅಪೇಕ್ಷೆಗೆ ನಮ್ಮ ವಿರೋಧವಿಲ್ಲ. ಸಂಪಾದಕರ ಲೇಖನಿ ಗದ್ಯದ ಮೇಲೆ ಧಾರಾಳವಾಗಿ ಓಡಾಡಲಿ. ಸಂಖ್ಯೆ ಹಾಕಿದ ಉದಾಹರಣೆಯ ಸಾಲು ಬಂದಾಗ ಅದು ನಿಲ್ಲಬೇಕು, ಸಂಶಯವಿದ್ದರೆ ಲೇಖಕರನ್ನು ಕೇಳಬೇಕು. ದ್ವಿಭಾಷಾ ಪತ್ರಿಕೆಗಳಲ್ಲಿ ಈ ಎಚ್ಚರ ಇಮ್ಮಡಿ ಬೇಕು. ಕನ್ನಡದ ಸಾಲನ್ನು ಒಬ್ಬರು, ಇಂಗ್ಲಿಷ್ ಅನುವಾದವನ್ನು ಇನ್ನೊಬ್ಬರು ನೋಡುವ ಪದ್ಧತಿಯಿದ್ದರೆ ‘ಬಂದಾನು’ ಅಚ್ಚಾಗುವುದನ್ನು ತಡೆಯುವವರು ಯಾರೂ ಇರುವುದಿಲ್ಲ.

ಕೊನೆಯದಾಗಿ, ಪರಿಶೀಲನೆಯ ಪದ್ಧತಿಯಲ್ಲಿಯೇ ಅಡಗಿರುವ ಒಂದು ತೊಡಕು. ಲೇಖಕರ ಗುರುತು ತಿಳಿಯದಂತೆ ಪ್ರತಿಯನ್ನು ಸಿದ್ಧಪಡಿಸಬೇಕು ಎಂಬ ಸೂಚನೆ ಸರಿಯಾದದ್ದೇ. ಅದನ್ನು ಪಾಲಿಸುವ ಭರದಲ್ಲಿ ಮಾತುಗಾರರ ಗುರುತೂ ಅಳಿದುಹೋಗುತ್ತದೆ. ‘ಲೇಖಕರ ಸ್ವಂತ ಮಾತು, ಊರು ನವಲಗುಂದ, ಮನೆಮಾತು ಕನ್ನಡ’ ಎಂದಿದ್ದ ಟಿಪ್ಪಣಿ ‘ಉತ್ತರ ಕರ್ನಾಟಕದ ಮಾತುಗಾರರಿಂದ ಸಂಗ್ರಹಿಸಿದ್ದು’ ಎಂದಾಗುತ್ತದೆ. ಪರಿಶೀಲಕರಿಗೆ ಆಗ ತಿಳಿಯಬೇಕಾದ ಯಾವುದೂ ತಿಳಿಯುವುದಿಲ್ಲ: ಹುಬ್ಬಳ್ಳಿಯದೋ ಹಳ್ಳಿಯದೋ, ಮನೆಯಲ್ಲಿ ಮರಾಠಿ, ಕೊಂಕಣಿ, ಉರ್ದು ಆಡುವವರದೋ, ಯಾವ ವಯಸ್ಸಿನವರದೋ. ಲೇಖಕರ ಹೆಸರನ್ನು ಮುಚ್ಚಿಯೂ ಮಾತುಗಾರರ ಊರು, ವಯಸ್ಸು, ಮನೆಮಾತುಗಳನ್ನು ಹೇಳಬಹುದು. ತಾವೇ ಮಾತುಗಾರರಾಗಿದ್ದರೆ ‘ಮಾತುಗಾರ ಒಂದು’ ಎಂದು ಬರೆದು, ಅದು ತಾವೇ ಎಂಬುದನ್ನು ಸಂಪಾದಕರಿಗೆ ಬರೆಯುವ ಪತ್ರದಲ್ಲಿ ತಿಳಿಸಬಹುದು. ‘ಬಂದಾನ’ದ ಲೇಖನದಲ್ಲಿ ನಡೆದದ್ದೂ ಇದೇ. ಲೇಖಕರು ತಮ್ಮ ಅಜ್ಜಿಯ ಮಾತನ್ನು ಧ್ವನಿಮುದ್ರಿಸಿಕೊಂಡು ಬರೆದಿದ್ದರು. ಅಜ್ಜಿಯ ವಯಸ್ಸು, ಊರುಗಳಿದ್ದ ಅಡಿಟಿಪ್ಪಣಿಯನ್ನು ಗುರುತು ಮರೆಸಲೆಂದು ತೆಗೆದಿದ್ದರು. ಎರಡನೆಯ ಪ್ರತಿಯಲ್ಲಿ ಅಡಿಟಿಪ್ಪಣಿ ಮರಳಿ ಬಂದಿತು, ಕೋಷ್ಟಕದ ಕೊಂಬುಗಳು ಹೋದವು. ವಿಶ್ಲೇಷಣೆಯ ಭಾಗದಲ್ಲಿ ಒಂದು ವಾಕ್ಯವನ್ನೂ ಅವರು ಬದಲಿಸಬೇಕಾಗಿ ಬರಲಿಲ್ಲ.